ತೋಟ ಹೋಯಿತು, ಬಾವಿ ಉಳಿಯಿತು: ವೈಟ್‌ಫೀಲ್ಡ್ ಲೇಔಟ್ ಆದ ಬಗೆ

ಬೆಂಗಳೂರಿನ ಪೂರ್ವ ಭಾಗದ ನಕ್ಷೆ ತೆರೆದರೆ ರಸ್ತೆಗಳೆಲ್ಲ ಎತ್ತೆತ್ತಲೋ ತಿರುಗಿ, ಎಲ್ಲೆಲ್ಲೋ ನಿಂತುಬಿಡುತ್ತವೆ. ಅವುಗಳ ನಡುವೆ ಒಂದೇ ಒಂದು ಕಡೆ ರಸ್ತೆ ಬಳೆಯಂತೆ ಗುಂಡಗೆ ಸುತ್ತಿಕೊಂಡಿದೆ. ಅದೇ ವೈಟ್‌ಫೀಲ್ಡ್‌ನ ಇನ್ನರ್ ಸರ್ಕಲ್. ಈ ಗುಂಡು ರಸ್ತೆಯನ್ನು ಹಾಕಿದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ (ಬಿಡಿಎ) ಅಲ್ಲ, ಬಿಲ್ಡರೂ ಅಲ್ಲ. 1882ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಸಂಘ ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರಿನಲ್ಲಿ ವೈಟ್‌ಫೀಲ್ಡ್, ಪಕ್ಕದಲ್ಲೇ ಸಾಸ್ಮಂಡ್, ಹೀಗೆ ಎರಡು ಕೃಷಿ ನೆಲೆಗಳು ಹುಟ್ಟಿದವು. ನಡುವೆ ಗುಂಡಗಿನ ಬಯಲು, ಅದರ ಸುತ್ತ ದೊಡ್ಡ ಹಿತ್ತಲಿನ ಮನೆಗಳು, ಅದರಾಚೆ ಹೊಲ, ಹಣ್ಣಿನ ತೋಟ. 1886ರ ಹೊತ್ತಿಗೆ ಚರ್ಚೂ ಬಂತು. ವೇವರ್ಲಿ ಇನ್ ಎಂಬ ವಸತಿಗೃಹಕ್ಕೆ ಚರ್ಚಿಲ್ ಬರುತ್ತಿದ್ದ ಎಂಬ ಮಾತು ಊರಲ್ಲಿ ಇವತ್ತಿಗೂ ಓಡಾಡುತ್ತಿದೆ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಕೃಷಿಯ ಆಸೆ ಅಂದುಕೊಂಡಷ್ಟು ಕೈಗೂಡಲಿಲ್ಲ. ರೈಲ್ವೆ, ಅಂಚೆ, ತಂತಿ ಇಲಾಖೆಗಳಲ್ಲಿ ದುಡಿದು ಬಂದವರಿಗೆ ಮಳೆಯಾಶ್ರಿತ ಕೆಂಪು ನೆಲದ ಬೇಸಾಯ ಅಷ್ಟು ಸುಲಭಕ್ಕೆ ಒಲಿಯುವುದಲ್ಲ. ಆದರೂ ಹಂಚಿನ ಮನೆ, ಮಾವು, ಸೀಬೆ, ದೊಡ್ಡ ಬಾವಿಗಳ ಈ ಊರು ನೂರು ವರ್ಷ ಹೆಚ್ಚುಕಡಿಮೆ ಹಾಗೇ ಇತ್ತು. ಊರಿನ ಚಹರೆ ಬದಲಾಗಿದ್ದು 1990ರ ದಶಕದಲ್ಲಿ, ಐಟಿಪಿಎಲ್ ಟೆಕ್ ಪಾರ್ಕ್ ತಲೆ ಎತ್ತಿದ ಮೇಲೆ. 2007ರಲ್ಲಿ ಮಹದೇವಪುರ ನಗರಸಭೆ ಬಿಬಿಎಂಪಿಗೆ ಸೇರಿತು, 2023ರ ಮಾರ್ಚ್‌ನಲ್ಲಿ ಮೆಟ್ರೋ ಕಾಡುಗೋಡಿ ಮುಟ್ಟಿತು, 2025ರಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಒಡೆದಾಗ ಈ ಭಾಗ ಪೂರ್ವ ನಗರ ಪಾಲಿಕೆಗೆ ಹೋಯಿತು.

ಹಳೆಯ ಬಂಗಲೆಗಳು ಬಿದ್ದವು ಎಂದು ಮರುಗುವ ಬರಹಗಳಿಗೆ ಕೊರತೆಯಿಲ್ಲ. ಬಂಗಲೆ ಬೀಳುವುದು ಈ ಕಥೆಯ ಸಣ್ಣ ಭಾಗ ಅಷ್ಟೇ. ಎಸ್ಟೇಟ್ ಎಂದರೆ ನೀರು, ದಾರಿ, ಮರ, ಇಳಿಜಾರು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡ ಒಂದು ಏರ್ಪಾಡು. ಕಂದಾಯ ದಾಖಲೆಗೆ ಈ ಏರ್ಪಾಡು ಕಾಣುವುದೇ ಇಲ್ಲ, ಕಾಣುವುದು ಸರ್ವೆ ನಂಬರ್ ಮಾತ್ರ. ಹಾಗಾಗಿ ತೋಟ ಒಂದೇ ದಿನ ಒಂದೇ ಆದೇಶದಲ್ಲಿ ಹೋಗುವುದಿಲ್ಲ. ಪೋಡಿಯಾಗಿ (ಸರ್ವೆ ನಂಬರ್ ತುಂಡಾಗಿ), ಪಾಲಾಗಿ, ಸೈಟಾಗಿ ಖಾತೆಯಿಂದ ಖಾತೆಗೆ ಕರಗುತ್ತದೆ. ಅದರ ಜೊತೆ ಇದ್ದ ನೀರಿನ ಲೆಕ್ಕ ಕಾಗದದಲ್ಲಿ ಎಲ್ಲೂ ಬರೆದಿಲ್ಲದ ಕಾರಣ ಯಾರ ಹೊಣೆಗೂ ಬರುವುದಿಲ್ಲ. ಆಮೇಲೆ ಮಳೆಗಾಲದಲ್ಲಿ ಆ ಲೆಕ್ಕ ನೆಲಮಹಡಿಗೆ ಬಂದು ನಿಲ್ಲುತ್ತದೆ.

ಮಾಲೀಕರು ಮಾರುವುದು ಯಾಕೆ? ದುರಾಸೆ ಎಂದು ಒಂದೇ ಮಾತಲ್ಲಿ ಮುಗಿಸಿದರೆ ಅನ್ಯಾಯವಾದೀತು. ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಇಲ್ಲದಿದ್ದರೆ ಮಕ್ಕಳಿಗೆಲ್ಲ ಸಮಪಾಲು. ಒಬ್ಬರು ಪರ್ತ್‌ನಲ್ಲಿ, ಇನ್ನೊಬ್ಬರು ಲಂಡನ್‌ನಲ್ಲಿ, ಮತ್ತೊಬ್ಬರು ಇಲ್ಲೇ ಹಳೇ ಮನೆಯಲ್ಲಿ. ಮನೆಯಲ್ಲಿರುವವರ ಪಿಂಚಣಿಯಲ್ಲಿ ಮಂಗಳೂರು ಹೆಂಚಿನ ಮಾಡು ರಿಪೇರಿ ಮಾಡಿಸಿ, ಮದ್ರಾಸ್ ತಾರಸಿಯ ಮರದ ಜಂತೆಗಳಿಗೆ ಹತ್ತಿದ ಗೆದ್ದಲು ಬಿಡಿಸುವುದು ಆಗದ ಮಾತು. ಗಾರೆ ಕೆಲಸ ಬಲ್ಲ ಮೇಸ್ತ್ರಿ ಸಿಗುವುದಿಲ್ಲ, ಸಿಕ್ಕ ಮೇಸ್ತ್ರಿ ಸಿಮೆಂಟ್ ಬಳಿಯುತ್ತಾನೆ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತಾ ಬದುಕುವಂಥದ್ದು. ಮೇಲೆ ಸಿಮೆಂಟ್ ಬಿದ್ದರೆ ತೇವ ಒಳಗೇ ಸಿಕ್ಕಿಕೊಂಡು ಎರಡು ಮೂರು ಮಳೆಗಾಲದಲ್ಲಿ ಗಾರೆ ಪುಡಿಯಾಗುತ್ತದೆ, ಸಿಮೆಂಟು ಹಪ್ಪಳದಂತೆ ಏಳುತ್ತದೆ. ಆಗ ಎಂಜಿನಿಯರ್ ಬಂದು ‘ಕಟ್ಟಡ ಶಿಥಿಲ’ ಎಂದು ಬರೆದುಕೊಡುತ್ತಾನೆ. ಪಕ್ಕದ ಸೈಟಿನಲ್ಲಿ ಎರಡು ಅಂತಸ್ತಿನ ಬೇಸ್‌ಮೆಂಟ್ ಅಗೆದರಂತೂ ಮಣ್ಣಿನ ಗಾರೆಯಲ್ಲಿ ಸೈಜುಗಲ್ಲು ಕೂರಿಸಿದ ಹಳೇ ತಳಪಾಯ ಸರಿದು ಗೋಡೆ ಬಾಯಿಬಿಡುವುದು ಗ್ಯಾರಂಟಿ. ಇಷ್ಟಾದ ಮೇಲೆ ‘ಜಾಗ ನಿಮ್ಮದು, ಕಟ್ಟಡ ನಮ್ಮದು, ಪಾಲು ಹಂಚಿಕೊಳ್ಳೋಣ’ ಎನ್ನುವ ಜಾಯಿಂಟ್ ಡೆವಲಪ್‌ಮೆಂಟ್ ಕಾಗದ ಹಿಡಿದು ಬಂದವನನ್ನು ಗೇಟಿನಿಂದ ವಾಪಸ್ ಕಳಿಸಲು ಗಟ್ಟಿ ಎದೆಯೇ ಬೇಕು.

ಇನ್ನು ಲೇಔಟ್ ಮಾಡುವವನ ಲೆಕ್ಕ ನೋಡೋಣ. ಹತ್ತು ಎಕರೆ ತೋಟ ತೆಗೆದುಕೊಳ್ಳಿ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ಒಟ್ಟು 4,35,600 ಚದರಡಿ. ಬಿಡಿಎ ಕಾಯ್ದೆ ತನ್ನ ಬಡಾವಣೆಗಳಲ್ಲಿ ಕನಿಷ್ಠ ಶೇ. 15ರಷ್ಟು ಜಾಗವನ್ನು ಪಾರ್ಕು, ಆಟದ ಮೈದಾನಕ್ಕೆ, ಇನ್ನೂ ಶೇ. 10ನ್ನು ನಾಗರಿಕ ಸೌಲಭ್ಯಕ್ಕೆ ಬಿಡಬೇಕು ಎನ್ನುತ್ತದೆ. ಸರಿಯಾದ ಅಗಲದ ರಸ್ತೆಗೆ ಕಾಲು ಭಾಗ ಹಿಡಿಯಿರಿ. ಸೈಟಿಗೆ ಉಳಿಯುವುದು ಅರ್ಧ, ಅಂದರೆ 2,17,800 ಚದರಡಿ. ಮೂವತ್ತು-ನಲವತ್ತರ ಸೈಟಾದರೆ 181.

ಅದೇ ಹತ್ತು ಎಕರೆಯಲ್ಲಿ ಯಾವ ಪ್ರಾಧಿಕಾರದ ಅನುಮೋದನೆಯೂ ಇಲ್ಲದ ರೆವಿನ್ಯೂ ಲೇಔಟ್ ಮಾಡಿದರೆ? ಬೆನ್ನಿಗೆ ಬೆನ್ನು ಹಚ್ಚಿದ ಎರಡು ಸಾಲು ಸೈಟುಗಳಿಗೆ 80 ಅಡಿ, ರಸ್ತೆಗೆ 20 ಅಡಿ. ಅಡ್ಡರಸ್ತೆ ಕಳೆದರೂ ಮುಕ್ಕಾಲು ಭಾಗ ಮಾರಾಟಕ್ಕೆ ಸಿಗುತ್ತದೆ. 272 ಸೈಟು. ನಡುವಿನ ವ್ಯತ್ಯಾಸ 91 ಸೈಟು. ಇಪ್ಪತ್ತಡಿ ರಸ್ತೆಯಲ್ಲಿ ಎರಡೂ ಕಡೆ ಕಾರು ನಿಂತರೆ ನೀರಿನ ಟ್ಯಾಂಕರ್ ನುಸುಳುವುದೇ ಕಷ್ಟ, ಅಗ್ನಿಶಾಮಕ ವಾಹನದ ಮಾತು ಬಿಡಿ. ಬೆಂಗಳೂರಿನ ಹೊರವಲಯ ಈಗಿರುವಂತೆ ಯಾಕಿದೆ ಎಂದು ಕೇಳುವವರಿಗೆ ಈ 91ರ ಅಂಕಿಯನ್ನು ತೋರಿಸಿದರೆ ಸಾಕು.

ಇದಕ್ಕೆ ಕಾನೂನೂ ತನಗೆ ಗೊತ್ತಿಲ್ಲದೆ ನೀರೆರೆದಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳ ಪ್ರಕಾರ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ರಕ್ಷಣೆಯ ಉದ್ದೇಶ ಒಳ್ಳೆಯದೇ. ಆದರೆ ತೋಟವನ್ನು ತೋಟವಾಗಿಯೇ ಇಟ್ಟುಕೊಳ್ಳಲು ಬಯಸುವ ನೌಕರಿಯವನಿಗೆ ಅದು ಸಿಗಲಿಲ್ಲ. ಜಿಪಿಎ, ಅಂದರೆ ಮಾಲೀಕನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ ಬರೆಸಿಕೊಂಡು ತುಂಡು ಮಾಡಿ ಮಾರುವವನಿಗೆ ದಾರಿ ಇದ್ದೇ ಇತ್ತು. 2020ರಲ್ಲಿ ಆ ಕಲಮುಗಳನ್ನೇ ತೆಗೆದುಹಾಕಿದರು. ಈಗ ಚಿಕ್ಕಬಳ್ಳಾಪುರ, ನಂದಿಯ ಕಡೆ ಹತ್ತು ಗುಂಟೆಯ ‘ಫಾರ್ಮ್ ಪ್ಲಾಟ್’ ವ್ಯಾಪಾರ ಜೋರಾಗಿದೆ. ಕಾಗದದಲ್ಲಿ ಕೃಷಿ ಜಮೀನು, ಬ್ರೋಷರಿನಲ್ಲಿ ಕ್ಲಬ್‌ಹೌಸು. ನಾಳೆ ಅದೂ ಸೈಟಾಗುವ ಹೊತ್ತಿಗೆ ದಾರಿಗೆ ಬಿಟ್ಟ ಜಾಗ ಯಾರದು ಎಂಬ ತಕರಾರು ಏಳದೆ ಇರುವುದಿಲ್ಲ.

ಮರಗಳ ವಿಚಾರದಲ್ಲೂ ಇಂಥದ್ದೇ ತೂತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್‌ಗಳಿಗೆ ವಿನಾಯಿತಿ. ರೈತನಿಗೆ ತೊಂದರೆಯಾಗದಿರಲಿ ಎಂದು ಮಾಡಿದ ವಿನಾಯಿತಿ ಅದು. ಆದರೆ ತೋಟದ ಅಂಚಿಗೆ ಸಾಲಾಗಿ ನಿಂತದ್ದು ಇವೇ ಮರಗಳು. ಲೇಔಟ್ ಕೆಲಸದ ಮೊದಲ ವಾರದಲ್ಲೇ ಅವು ನೆಲಕ್ಕುರುಳುತ್ತವೆ.

ಈಗ ನೀರಿಗೆ ಬರೋಣ. ಅದೇ ಹತ್ತು ಎಕರೆ, ಒಂದು ಸಂಜೆ 50 ಮಿಲಿಮೀಟರ್ ಮಳೆ. ಬೆಂಗಳೂರಿಗೆ ಇದು ಅಪರೂಪದ ಮಳೆಯೇನಲ್ಲ. ನೆಲಕ್ಕೆ ಬೀಳುವ ನೀರು ಸುಮಾರು 20 ಲಕ್ಷ ಲೀಟರ್. ಮರ, ಹುಲ್ಲು, ಬದು ಇರುವ ಕೆಂಪು ಮಣ್ಣಿನ ತೋಟ ಇದರಲ್ಲಿ ಹೊರಗೆ ಬಿಡುವುದು ಮೂರು ನಾಲ್ಕು ಲಕ್ಷ. ಉಳಿದದ್ದು ಇಂಗುತ್ತದೆ, ಎಲೆಯಲ್ಲಿ ನಿಲ್ಲುತ್ತದೆ, ಬಾವಿಗೆ ಇಳಿಯುತ್ತದೆ. ತಾರಸಿ, ಟಾರು, ಟೈಲ್ಸ್ ಮುಚ್ಚಿದ ಲೇಔಟ್ ಹೊರಗೆ ತಳ್ಳುವುದು ಹತ್ತಿರ ಹತ್ತಿರ 15 ಲಕ್ಷ ಲೀಟರ್. ರಸ್ತೆ ಪಕ್ಕದ ಚರಂಡಿ ಒಂದೂವರೆ ಅಡಿ ಅಗಲ, ಅಷ್ಟೇ ಆಳ ಎಂದುಕೊಳ್ಳಿ. ಹೂಳು, ಪ್ಲಾಸ್ಟಿಕ್, ಕೇಬಲ್ ಏನೂ ಇಲ್ಲದೆ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ತುಂಬಿ ಹರಿದರೂ ಅದು ಗಂಟೆಗೆ ಸಾಗಿಸುವುದು ಏಳೂವರೆ ಲಕ್ಷ ಲೀಟರ್. ಮಳೆ ಮುಕ್ಕಾಲು ಗಂಟೆಯಲ್ಲಿ ಸುರಿದು ಮುಗಿದಿರುತ್ತದೆ. ಮಿಕ್ಕ ನೀರು ಎಲ್ಲಿಗೆ ಹೋಗಬೇಕು? ಇಳಿಜಾರಿನ ಕೊನೆಯ ಮನೆಗೆ.

ಇದು ಒಂದು ಲೇಔಟಿನ ಲೆಕ್ಕ. ಮೇಲಿನ ತೋಟಗಳೆಲ್ಲ ಹೀಗೇ ಬದಲಾದರೆ ಕೆಳಗಿನ ರಾಜಕಾಲುವೆ, ಕೆರೆಗಳ ಗತಿ ಏನು ಎಂಬುದನ್ನು 2022ರ ಸೆಪ್ಟೆಂಬರ್ ಮೊದಲ ವಾರ ತೋರಿಸಿತು. ಸರ್ಜಾಪುರ ರಸ್ತೆ, ಯಮಲೂರು ಕಡೆಯ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ನೀರು ಒತ್ತುವರಿ ಮಾಡಿರಲಿಲ್ಲ, ತನ್ನ ಹಳೇ ದಾರಿಯಲ್ಲೇ ಬಂದಿತ್ತು.

ಪರಿಹಾರ ಇಲ್ಲ ಎಂದಲ್ಲ. ಮೂರಡಿ ವ್ಯಾಸ, ಇಪ್ಪತ್ತಡಿ ಆಳದ ಒಂದು ಇಂಗುಬಾವಿಯಲ್ಲಿ 4,000 ಲೀಟರ್ ಹಿಡಿಯುತ್ತದೆ. 181 ಸೈಟಿಗೂ ಒಂದೊಂದು ಇದ್ದರೆ ಏಳು ಲಕ್ಷ ಲೀಟರ್ ಮೀರುತ್ತದೆ, ಅಂದರೆ ಮೇಲಿನ 15 ಲಕ್ಷದ ಅರ್ಧದಷ್ಟು. ಮಳೆಯ ನಡುವೆಯೇ ಇಂಗುವ ನೀರು ಇದಕ್ಕೆ ಲಾಭ. ಸಿಮೆಂಟ್ ಬಳೆ ಇಳಿಸುವಾಗ ಕೀಲುಗಳಿಗೆ ಗಾರೆ ಹಾಕಬಾರದು, ತಳಕ್ಕೆ ಕಾಂಕ್ರೀಟ್ ಸುರಿಯಬಾರದು. ಬಳೆಯ ಹೊರಗೆ ಮಣ್ಣಿಗೂ ಬಳೆಗೂ ನಡುವೆ ಜಲ್ಲಿ ತುಂಬಬೇಕು. ತಾರಸಿ ನೀರು ಮೊದಲು ಒಂದು ಸಣ್ಣ ಹೂಳುಗುಂಡಿಗೆ ಬಿದ್ದು ಆಮೇಲೆ ಬಾವಿಗೆ ಹೋಗಬೇಕು, ಆ ಗುಂಡಿಯನ್ನು ಮಳೆಗಾಲಕ್ಕೆ ಮುಂಚೆ ಬಳಿದು ತೆಗೆಯಬೇಕು. ಅದನ್ನು ಬಿಟ್ಟರೆ ಕೆಲವೇ ವರ್ಷಗಳಲ್ಲಿ ಬಾವಿಯ ತಳ ಮೇಣದಂತೆ ಮುಚ್ಚಿಕೊಳ್ಳುತ್ತದೆ. ಜಲಮಂಡಳಿಯ ನಿಯಮಕ್ಕೆಂದು ಅಂಗಳದಲ್ಲಿ ಒಂದು ಡ್ರಮ್ಮು ಹೂತು ಫೋಟೋ ತೆಗೆಸಿಕೊಳ್ಳುವವರಿಗೆ ಈ ಮಾತು ಬೇಕಿಲ್ಲ.

ಹಳೇ ಎಸ್ಟೇಟಿನ ಜಾಗದಲ್ಲಿ ಸೈಟೋ ಫ್ಲ್ಯಾಟೋ ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎ ಖಾತಾನಾ, ಬ್ಯಾಂಕ್ ಲೋನ್ ಆಗುತ್ತಾ? ಖಾತೆ ಎಂಬುದು ತೆರಿಗೆ ಕಟ್ಟುವವರ ಪಟ್ಟಿ (ನಿಯಮಬದ್ಧ ಆಸ್ತಿಗೆ ಎ, ನಿಯಮ ಮೀರಿದ್ದಕ್ಕೆ ಬಿ), ಅದು ಹಕ್ಕುಪತ್ರ ಅಲ್ಲ. 2025ರ ನವೆಂಬರ್‌ನಿಂದ ಬಿ ಖಾತಾ ನಿವೇಶನಗಳನ್ನು ಶುಲ್ಕ ಕಟ್ಟಿಸಿಕೊಂಡು ಎ ಖಾತಾಗೆ ಬದಲಿಸುವ ಕೆಲಸ ಶುರುವಾಗಿದೆ. ಸಾವಿರಾರು ಕುಟುಂಬಗಳಿಗೆ ಇದರಿಂದ ನೆಮ್ಮದಿ, ಸರಿ. ಆದರೆ ಖಾತೆಯ ಅಕ್ಷರ ಬದಲಾದರೆ ಇಪ್ಪತ್ತಡಿ ರಸ್ತೆ ಮೂವತ್ತಾಗುವುದಿಲ್ಲ, ಮುಚ್ಚಿದ ಕಾಲುವೆ ತೆರೆಯುವುದಿಲ್ಲ.

ನೋಡಬೇಕಾದ ಕಾಗದಗಳು ಬೇರೆ ಇವೆ. ಮೊದಲು ಗ್ರಾಮ ನಕಾಶೆ. ಹಳ್ಳ, ಕಾಲುವೆ, ಬಂಡಿದಾರಿ ಅದರಲ್ಲಿ ಗೆರೆಯಾಗಿ ಇರುತ್ತವೆ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಸೈಟಿನ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂಬುದು ಗೊತ್ತಾಗುತ್ತದೆ. ಬ್ರೋಕರ್ ಹೇಳಿದ ನಂಬರಿಗೂ ಅದಕ್ಕೂ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿಸಿ. ಆಮೇಲೆ ಪಹಣಿಯ ಮೂರನೇ ಕಾಲಂ. ವಿಸ್ತೀರ್ಣದ ಕೆಳಗೆ ಫುಟ್ ಖರಾಬು ‘ಅ’ ಮತ್ತು ‘ಬ’ ಎಂದಿರುತ್ತದೆ. ‘ಅ’ ಎಂದರೆ ಸಾಗುವಳಿಗೆ ಬಾರದ ಜಾಗ, ಬಂಡೆಯೋ ಕಣವೋ ಇದ್ದದ್ದು. ‘ಬ’ ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ, ಅದು ಸರ್ಕಾರದ್ದು. ತೋಟದ ಮಾಲೀಕ ನೂರು ವರ್ಷ ಆ ಬಂಡಿದಾರಿಯನ್ನು ಬೇಲಿಯೊಳಗೇ ಇಟ್ಟುಕೊಂಡಿದ್ದರೂ ಅದು ಅವನದಾಗುವುದಿಲ್ಲ, ಅವನಿಂದ ಕೊಂಡ ನಿಮ್ಮದೂ ಆಗುವುದಿಲ್ಲ. ಪಹಣಿಯ ವಿಸ್ತೀರ್ಣವನ್ನು ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರಬಂದ್ ಜೊತೆ ಹೋಲಿಸಿ. ಎರಡರ ನಡುವೆ ಗುಂಟೆಗಳ ವ್ಯತ್ಯಾಸ ಬಂದರೆ ಕಾರಣ ತಿಳಿಯುವ ತನಕ ಮುಂಗಡ ಕೊಡಬೇಡಿ. ಕೃಷಿಯೇತರ ಬಳಕೆಗೆ ಭೂಪರಿವರ್ತನೆ ಆದೇಶ ಇದ್ದರೆ ಅದು ಇಡೀ ಸರ್ವೆ ನಂಬರಿಗೋ ಅದರ ಒಂದು ತುಂಡಿಗೋ, ವಾಸಕ್ಕೋ ಕೈಗಾರಿಕೆಗೋ ಎಂದು ಓದಿ. ಎರಡು ಎಕರೆಗೆ ಸಿಕ್ಕ ಆದೇಶದ ಜೆರಾಕ್ಸ್ ತೋರಿಸಿ ಐದು ಎಕರೆ ಮಾರಿದ್ದು ಹೊಸ ವಿದ್ಯೆಯಲ್ಲ.

ಕೆರೆಯ ಅಂಚಿನಿಂದ 30 ಮೀಟರ್, ರಾಜಕಾಲುವೆಯ ನಡುಗೆರೆಯಿಂದ ಅದರ ದರ್ಜೆಗೆ ತಕ್ಕಂತೆ 50, 25 ಅಥವಾ 15 ಮೀಟರ್ ಬಿಡಬೇಕೆಂಬುದು 2015ರ ಮಾಸ್ಟರ್ ಪ್ಲಾನಿನ ಲೆಕ್ಕ. ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಹಳೆಯ ಅಧಿಸೂಚನೆಗಳನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಡುಗೋಡಿ ಪ್ಲಾಂಟೇಶನ್ ಎಂಬ 711 ಎಕರೆಯನ್ನು ಅರಣ್ಯವೆಂದು ಘೋಷಿಸಿದ್ದು 1896ರಲ್ಲಿ. ಅದರ 120 ಎಕರೆಯನ್ನು ಅರಣ್ಯ ಇಲಾಖೆ ಬಂದು ವಶಕ್ಕೆ ತೆಗೆದುಕೊಂಡದ್ದು 2025ರ ಜೂನ್‌ನಲ್ಲಿ.

ಇನ್ನೊಂದು ಕಾಗದವನ್ನು ಯಾರೂ ಕೇಳುವುದಿಲ್ಲ: ಲೇಔಟಿನ ರಸ್ತೆ, ಪಾರ್ಕುಗಳನ್ನು ಪಾಲಿಕೆಗೆ ಅಥವಾ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ನೋಂದಾಯಿತ ಪತ್ರ. ಅದಿಲ್ಲದಿದ್ದರೆ ರಸ್ತೆ ಇನ್ನೂ ಹಳೇ ಮಾಲೀಕನ ಹೆಸರಿನಲ್ಲೇ ಇರುತ್ತದೆ. ಗುಂಡಿ ಮುಚ್ಚಿ ಎಂದರೆ ಪಾಲಿಕೆ ‘ಖಾಸಗಿ ರಸ್ತೆ’ ಎನ್ನುತ್ತದೆ, ಮಾಲೀಕನ ಮೊಮ್ಮಗ ಒಂದು ದಿನ ಬಂದು ಪಾರ್ಕಿಗೆ ತಂತಿ ಬೇಲಿ ಹಾಕುತ್ತಾನೆ.

ಇಡಿಯಾಗಿ ಉಳಿದ ಎಸ್ಟೇಟುಗಳೂ ಇವೆ, ಆದರೆ ಅವು ಉಳಿದದ್ದು ಮಾಮೂಲಿ ಯೋಜನಾ ನಿಯಮದಿಂದಲ್ಲ. ಕನಕಪುರ ರಸ್ತೆಯ ತಾತಗುಣಿಯಲ್ಲಿ ಚಿತ್ರಕಲಾವಿದ ಸ್ವೆಟೊಸ್ಲಾವ್ ರೋರಿಚ್ ಮತ್ತು ನಟಿ ದೇವಿಕಾ ರಾಣಿಯವರ 468 ಎಕರೆ ಇದೆ. ಸುಗಂಧ ತೈಲ ಕೊಡುವ ಲಿನಾಲೋ ಮರ ಅಲ್ಲಿನ ಬೆಳೆ. ಲಿನಾಲೋ ಬೆಳೆವ ಜಮೀನಿಗೆ ಭೂಸುಧಾರಣಾ ಕಾಯ್ದೆಯಿಂದ ವಿನಾಯಿತಿ ಇತ್ತು, ಹಾಗಾಗಿ ನೂರಾರು ಎಕರೆ ಒಂದೇ ಕೈಯಲ್ಲಿ ಉಳಿಯಿತು. 1993ರಲ್ಲಿ ರೋರಿಚ್, 1994ರ ಮಾರ್ಚ್‌ನಲ್ಲಿ ದೇವಿಕಾ ರಾಣಿ ತೀರಿಕೊಂಡರು. ಅದೇ ಮಾರ್ಚ್‌ನಲ್ಲಿ ಸರ್ಕಾರ ವಿನಾಯಿತಿಯನ್ನು ವಾಪಸ್ ತೆಗೆದುಕೊಂಡಿತು, 1996ರಲ್ಲಿ ಎಸ್ಟೇಟಿಗೆಂದೇ ಒಂದು ಸ್ವಾಧೀನ ಕಾಯ್ದೆ ಮಾಡಿತು. ಎಸ್ಟೇಟಿನ ಒಂದು ಭಾಗ ತನಗೆ ಮಾರಾಟವಾಗಿದೆ ಎಂದ ಕಂಪನಿಯ ದಾವೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತನಕ ಹೋಗಿ, 2011ರ ಆಗಸ್ಟ್‌ನಲ್ಲಿ ಸರ್ಕಾರದ ಪರ ತೀರ್ಪು ಬಂತು. ಹದಿನೈದು ವರ್ಷ, ಒಂದು ಕಾಯ್ದೆ, ಒಂದು ಸಂವಿಧಾನ ಪೀಠ. ಒಂದು ತೋಟ ಉಳಿಯಲು ಇಷ್ಟು ಬೇಕಾಯಿತು. ವೈಟ್‌ಫೀಲ್ಡ್‌ನ ಎರಡೆಕರೆ ಹಿತ್ತಲಿಗೆ ಇಷ್ಟೆಲ್ಲ ಯಾರು ಮಾಡುತ್ತಾರೆ?

ಬೆಂಗಳೂರು ಅರಮನೆಯದು ಇನ್ನೊಂದು ಬಗೆ. ಸೆಂಟ್ರಲ್ ಹೈಸ್ಕೂಲಿನ ಪ್ರಾಂಶುಪಾಲ ಗ್ಯಾರೆಟ್ ಅವರಿಂದ 1873ರಲ್ಲಿ ಅರಸು ಮನೆತನಕ್ಕೆ ಬಂದ ಆಸ್ತಿ. 472 ಎಕರೆಯನ್ನು 11 ಕೋಟಿ ರೂಪಾಯಿಗೆ ವಶಪಡಿಸಿಕೊಳ್ಳಲು 1996ರಲ್ಲಿ ಕಾಯ್ದೆ ಆಯಿತು, ಪ್ರಶ್ನಿಸಿದ ಮೊಕದ್ದಮೆ ದಶಕಗಳಿಂದ ಎಳೆಯುತ್ತಿದೆ. ಇತ್ತ ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲಿಸಲು ಬೇಕಾದ 15 ಎಕರೆ ಚಿಲ್ಲರೆ ಜಾಗಕ್ಕೇ ಟಿಡಿಆರ್ (ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಸಿಗುವ, ಮಾರಬಹುದಾದ ಕಟ್ಟಡ ಹಕ್ಕು) ಲೆಕ್ಕದಲ್ಲಿ ಸುಮಾರು 3,000 ಕೋಟಿ ಎಂದಾಯಿತು. 2025ರಲ್ಲಿ ಸರ್ಕಾರ ಇನ್ನೊಂದು ಕಾನೂನು ಮಾಡಿ ತಪ್ಪಿಸಿಕೊಳ್ಳುವ ದಾರಿ ಹುಡುಕಿತು. ಜಗಳ ಮುಗಿಯದ ಕಾರಣಕ್ಕೇ ಅಲ್ಲಿ ಇವತ್ತಿಗೂ ಖಾಲಿ ನೆಲ ಕಾಣಸಿಗುತ್ತದೆ ಎಂದರೆ ತಪ್ಪಾಗದು.

ವೈಟ್‌ಫೀಲ್ಡ್, ವರ್ತೂರು, ಕಾಡುಗೋಡಿ ಕಡೆ ಹಳೇ ತೋಟದ ಸೈಟಿನಲ್ಲಿ ಮನೆ ಕಟ್ಟುವವರಿಗೆ ಕಾಗದಕ್ಕಿಂತ ಮೊದಲು ಕೈಕೊಡುವುದು ಮುಚ್ಚಿದ ಬಾವಿ. ತೋಟದ ತೆರೆದ ಬಾವಿ ಎಂದರೆ ಇಪ್ಪತ್ತು ಮೂವತ್ತಡಿ ಅಗಲ. ಲೇಔಟ್ ಮಾಡುವಾಗ ಕೆಡವಿದ ಮನೆಯ ಇಟ್ಟಿಗೆ, ಹೆಂಚು, ಮರದ ಬೇರು, ಕಸ ಎಲ್ಲವನ್ನೂ ಅದರೊಳಗೆ ತಳ್ಳಿ, ಮೇಲೆ ಎರಡಡಿ ಕೆಂಪು ಮಣ್ಣು ಹರಡಿ, ಸೈಟಿನ ಕಲ್ಲು ನೆಡುತ್ತಾರೆ. ಹಾಗೆ ತುಂಬಿದ ನೆಲ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ನೀರು ಇಳಿದಷ್ಟೂ ಹೆಚ್ಚು. ಪೂರ್ತಿ ಮನೆ ಬಾವಿಯ ಮೇಲೆ ಬಂದರೆ ಹೇಗೋ ಸಮನಾಗಿ ಕೂತೀತು, ಅರ್ಧ ಗಟ್ಟಿ ನೆಲ ಅರ್ಧ ಬಾವಿ ಆದಾಗಲೇ ಅಪಾಯ. ಕಿಟಕಿಯ ಮೂಲೆಯಿಂದ ಓರೆಯಾಗಿ ಏಳುವ ಬಿರುಕು, ಮೇಲಕ್ಕೆ ಹೋದಂತೆ ಅಗಲವಾಗುವುದು, ಹಿಂದಿನ ವರ್ಷ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಇವು ಅದರ ಗುರುತು.

ಹಳೆಯ ಪಹಣಿಗಳಲ್ಲಿ ನೀರಾವರಿ ಮೂಲ ‘ಬಾವಿ’ ಎಂದಿದ್ದರೆ ಆ ಸರ್ವೆ ನಂಬರಿನಲ್ಲಿ ಅದು ಎಲ್ಲೋ ಇತ್ತು ಎಂದೇ ಅರ್ಥ. ಹತ್ತು ಹದಿನೈದು ವರ್ಷ ಹಿಂದಿನ ಉಪಗ್ರಹ ಚಿತ್ರದಲ್ಲಿ ಕಪ್ಪು ಬೊಟ್ಟಿನಂತೆ ಕಂಡರೂ ಕಾಣಬಹುದು. ಊರಿನ ಹಳಬರನ್ನು ಕೇಳಿದರೆ ಬೆರಳು ಮಾಡಿ ತೋರಿಸುತ್ತಾರೆ. ತಳಪಾಯಕ್ಕೆ ಗುರುತು ಹಾಕುವ ಮುಂಚೆ ಸೈಟಿನ ನಾಲ್ಕು ಮೂಲೆಯಲ್ಲಿ, ನಡುವೆ ಒಂದು, ಹೀಗೆ ಐದು ಕಡೆ ಆರೆಂಟು ಅಡಿ ಗುಂಡಿ ತೋಡಿಸಿ. ಹಾರೆಗೆ ಗಟ್ಟಿಯಾಗಿ ಸಿಗುವ, ಒಂದೇ ಬಣ್ಣದ ಕೆಂಪು ಮಣ್ಣು ಬಂದರೆ ಸರಿ. ಹಾರೆ ಸಲೀಸಾಗಿ ಇಳಿದು ಇಟ್ಟಿಗೆ ಚೂರು, ಪ್ಲಾಸ್ಟಿಕ್, ಕರಿಮಣ್ಣು ಬೆರೆತು ಬಂದರೆ ಅಲ್ಲಿ ಕಂಬ ನಿಲ್ಲಿಸಬೇಡಿ. ಮನೆಯನ್ನು ಸರಿಸಲು ಜಾಗವಿದ್ದರೆ ಸರಿಸಿ, ಇಲ್ಲದಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ ಆಳದ ಗಟ್ಟಿ ನೆಲ ಮುಟ್ಟುವ ಪೈಲ್ ಕಂಬ ಇಳಿಸುವ ಖರ್ಚಿಗೆ ಸಿದ್ಧರಾಗಿ. ಬಾವಿ ಇನ್ನೂ ಮುಚ್ಚಿಲ್ಲದಿದ್ದರೆ ಅದನ್ನು ಪಾರ್ಕಿನ ಲೆಕ್ಕಕ್ಕೆ ಬಿಡಿಸಿಕೊಂಡು, ಸುತ್ತ ಗೋಡೆ ಎತ್ತಿ, ಮೇಲೆ ಕಬ್ಬಿಣದ ಜಾಲರಿ ಹಾಕಿ, ಸುತ್ತಲಿನ ಹತ್ತಿಪ್ಪತ್ತು ಮನೆಗಳ ತಾರಸಿ ನೀರನ್ನು ಹೂಳುಗುಂಡಿ ದಾಟಿಸಿ ಅದಕ್ಕೇ ಬಿಡಬಹುದು. ಇಪ್ಪತ್ತೈದಡಿ ಅಗಲದ ಬಾವಿಯಲ್ಲಿ ಒಂದಡಿ ನೀರು ಏರಿದರೆ ಹದಿನಾಲ್ಕು ಸಾವಿರ ಲೀಟರ್ ಸಂಗ್ರಹವಾಯಿತು ಎಂದು ಲೆಕ್ಕ.